ಕಾರವಾರದಿಂದ ಭಟ್ಕಳದವರೆಗೆ: ರಾತ್ರಿ ಲಂಗರು ಎಲ್ಲಿ ಹಾಕಬೇಕು?

ಪ್ರಶ್ನೆ (ಶಿರಸಿಯ ಸದಸ್ಯರು):

ನಮಸ್ಕಾರ ತಂಡೇಲರೇ. ನಮ್ಮ ಭಾವನವರು ಗೋವಾದಲ್ಲಿ 32 ಅಡಿಯ ಹಾಯಿದೋಣಿ ಇಟ್ಟುಕೊಂಡಿದ್ದಾರೆ. ತಳ ನೀರಿನಲ್ಲಿ 1.6 ಮೀಟರ್ ಮುಳುಗುತ್ತದೆ, ಇಂಜಿನ್ ಸಣ್ಣದು, 20 ಎಚ್‌ಪಿ. ಜನವರಿಯಲ್ಲಿ ಗೋವಾದಿಂದ ಮಲ್ಪೆವರೆಗೆ ಅವಸರ ಇಲ್ಲದೆ ದಡ ನೋಡಿಕೊಂಡು ಹೋಗೋಣ ಅಂತಿದ್ದೇವೆ. ರಾತ್ರಿ ಪ್ರಯಾಣ ಬೇಡ, ಪ್ರತಿ ಸಂಜೆ ಎಲ್ಲಾದರೂ ನಿಲ್ಲಬೇಕು. ನಕ್ಷೆಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲಾ ಸಾಲಾಗಿ ಕಾಣುತ್ತವೆ. ಒಂದೊಂದು ನದಿಯ ಒಳಗೆ ಒಂದೊಂದು ರಾತ್ರಿ ಕಳೆದರೆ ಆಯಿತು, ಅಲ್ವಾ?

ಉತ್ತರ (ಕಾರವಾರದ ತಂಡೇಲರು, ಬೋಟ್ ನಡೆಸುವವರು):

ನಮಸ್ಕಾರ. ನದಿಗಳ ಲೆಕ್ಕ ಮೊದಲು ಬಿಟ್ಟುಬಿಡಿ. ನಮ್ಮ ಕರಾವಳಿಯಲ್ಲಿ ರಾತ್ರಿ ನಿಲ್ಲಲು ಹುಡುಕಬೇಕಾದ್ದು ಅಳಿವೆಯನ್ನಲ್ಲ (ನದಿ ಕಡಲು ಸೇರುವ ಬಾಯಿ), ಗುಡ್ಡದ ಮರೆಯನ್ನು. ಯಾಕೆ ಅಂತ ಹೇಳುತ್ತೇನೆ.

ಜನವರಿಯಲ್ಲಿ ದಿನದ ಗಾಳಿಗೆ ಒಂದು ಕ್ರಮ ಇದೆ. ಬೆಳಗಿನ ಜಾವ ನೆಲದ ಕಡೆಯಿಂದ ತಣ್ಣಗೆ ಮೂಡಗಾಳಿ ಬೀಸುತ್ತದೆ. ಒಂಬತ್ತು ಹತ್ತು ಗಂಟೆಗೆ ಅದು ಸಾಯುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಕಡಲಗಾಳಿ ಶುರುವಾಗಿ ಮೂರರಿಂದ ಐದು ಗಂಟೆಯೊಳಗೆ ಜೋರಾಗುತ್ತದೆ. ನೀವು ದಕ್ಷಿಣಕ್ಕೆ ಹೋಗುವವರು, ಈ ಗಾಳಿ ಬೆನ್ನ ಹಿಂದಿನಿಂದ ಬಂದು ಹಾಯಿಗೆ ಚೆನ್ನಾಗಿ ಸಿಗುತ್ತದೆ. ಆ ಖುಷಿಯಲ್ಲಿ ಸಂಜೆವರೆಗೆ ಓಡಿಸಿ, ಆಮೇಲೆ ಅಳಿವೆ ಬಾಯಿಗೆ ಬಂದರೆ ಏನಾಗುತ್ತದೆ? ಒಳಗಿನಿಂದ ಇಳಿತದ ನೀರು ಹೊರಗೆ ನುಗ್ಗುತ್ತಿದ್ದರೆ, ಹೊರಗಿನಿಂದ ಗಾಳಿ ಎಬ್ಬಿಸಿದ ತೆರೆ ಅದಕ್ಕೆ ಎದುರಾಗುತ್ತದೆ. ಅಳಿವೆಯ ಮರಳು ದಿಬ್ಬದ ಮೇಲೆ ನೀರು ಮೊದಲೇ ಕಡಿಮೆ. ತೆರೆ ಅಲ್ಲಿ ಗೋಡೆ ಹಾಗೆ ಎದ್ದು ನಿಲ್ಲುತ್ತದೆ. ಹೊರಗಡೆ ನಿಂತು ನೋಡಿದರೆ ತೆರೆಯ ಬೆನ್ನು ಮಾತ್ರ ಕಾಣುತ್ತದೆ, ಒಡೆಯುವ ಮುಖ ಕಾಣುವುದಿಲ್ಲ. ಅದಕ್ಕೇ ಹೊಸಬರಿಗೆ ಅಳಿವೆ ಶಾಂತವಾಗಿದೆ ಅನ್ನಿಸುತ್ತದೆ. ಆ ಹೊತ್ತಲ್ಲಿ 20 ಎಚ್‌ಪಿ ಇಂಜಿನ್ ಇಟ್ಟುಕೊಂಡು ಒಳಗೆ ಹೋಗಬೇಡಿ.

ಗುಡ್ಡದ ಮರೆ ಹಾಗಲ್ಲ. ಕಡಲಿಗೆ ಚಾಚಿದ ಗುಡ್ಡದ ದಕ್ಷಿಣ ಮಗ್ಗುಲಿಗೆ ಹೋದರೆ ವಾಯವ್ಯ ಗಾಳಿ ತಡೆಯುತ್ತದೆ. ಬರುವಾಗ ದಾಟಬೇಕಾದ ದಿಬ್ಬ ಇಲ್ಲ. ಮನಸ್ಸಿಗೆ ಬರಲಿಲ್ಲ ಅಂದರೆ ಲಂಗರು ಎತ್ತಿ ಹೊರಗೆ ಹೋಗಲು ದಾರಿ ತೆರೆದೇ ಇರುತ್ತದೆ. ಕತ್ತಲಲ್ಲಿ ಈ ಒಂದು ಅನುಕೂಲ ಬಹಳ ದೊಡ್ಡದು.

ಈಗ ಜಾಗಗಳು.

ಕಾರವಾರ: ಬೈತಕೋಲದ ಕಡೆ ಬನ್ನಿ. ದಕ್ಷಿಣಕ್ಕೆ ಗುಡ್ಡ ಇದೆ, ಬಂದರಿನ ತಡೆಗೋಡೆ ಇದೆ, ತಳ ಕೆಸರು, ಲಂಗರು ಚೆನ್ನಾಗಿ ಹಿಡಿಯುತ್ತದೆ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಬಂದಾಗ ಹೊರ ರಾಜ್ಯದ ಮೀನು ಬೋಟುಗಳೂ ಇಲ್ಲೇ ಬಂದು ನಿಂತಿದ್ದವು. ಮೀನು ಬೋಟುಗಳ ದಾರಿಗೆ ಅಡ್ಡ ನಿಲ್ಲಬೇಡಿ, ಹಡಗು ಬರುವ ಕಾಲುವೆಗೂ ಅಡ್ಡ ಬೇಡ. ಎಲ್ಲಿ ನಿಲ್ಲಬಹುದು ಅಂತ ಬಂದರು ಕಚೇರಿಯಲ್ಲಿ ಕೇಳಿಯೇ ನಿಲ್ಲಿ. ಈ ಕೊಲ್ಲಿಯಲ್ಲಿ ಮೀನು ಸಾಕುವ ಪಂಜರಗಳೂ ಇರುತ್ತವೆ. ಕಾಳಿ ಸೇತುವೆ ದಾಟಿ ಒಳಗೆ ಹೋಗುವ ಯೋಚನೆ ಹಾಯಿಕಂಬ ಇರುವ ದೋಣಿಗೆ ಬೇಡವೇ ಬೇಡ. 2024ರ ಆಗಸ್ಟ್ 7ರಂದು ಹಳೆ ಸೇತುವೆ ಮುರಿದು ಬಿದ್ದದ್ದು ಅಲ್ಲೇ. ಗಾಳಿ ಕಡಿಮೆ ಇದ್ದ ದಿನ ಕೂರ್ಮಗಡ ದ್ವೀಪದ ದಡದ ಕಡೆ ಮಗ್ಗುಲಲ್ಲಿ ಹಗಲು ನಿಲ್ಲಬಹುದು. ಪುಷ್ಯ ಹುಣ್ಣಿಮೆಗೆ ಅಲ್ಲಿ ನರಸಿಂಹ ದೇವರ ಜಾತ್ರೆ. ಅವತ್ತು ದೋಣಿಗಳ ಸಾಲೇ ಇರುತ್ತದೆ, ನೋಡಲು ಚೆಂದ, ಲಂಗರಿಗೆ ಜಾಗ ಸಿಗುವುದಿಲ್ಲ.

ಕಾರವಾರದ ದಕ್ಷಿಣಕ್ಕೆ ನೌಕಾಪಡೆಯ ಕದಂಬ ನೆಲೆ. ಬಿಣಗಾ, ಅರಗಾ, ಅಂಜದೀವ ದ್ವೀಪ ಎಲ್ಲಾ ಆ ವ್ಯಾಪ್ತಿಗೆ ಬರುತ್ತವೆ. ನಕ್ಷೆಯಲ್ಲಿ ಅಂಜದೀವದ ಮರೆ ಎಷ್ಟೇ ಚೆನ್ನಾಗಿ ಕಂಡರೂ ಅತ್ತ ತಿರುಗಬೇಡಿ. ಹೊರಗಿನಿಂದ ದೂರ ಬಳಸಿಕೊಂಡು ಹೋಗಿ. ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್ ತೆರೆದಿಡಿ, ಕರೆದರೆ ತಕ್ಷಣ ಉತ್ತರ ಕೊಡಿ. ದೋಣಿಯ ನೋಂದಣಿ ಪತ್ರ, ಎಲ್ಲರ ಗುರುತಿನ ಚೀಟಿ ಕೈಗೆ ಸಿಗುವಲ್ಲಿ ಇರಲಿ.

ಬೇಲೇಕೇರಿ: ಸುತ್ತ ಗುಡ್ಡ ಇರುವ ಕೊಲ್ಲಿ. ವಾಯವ್ಯ ಗಾಳಿಗೆ ಉತ್ತರದ ಗುಡ್ಡದ ಮಗ್ಗುಲು ಒಳ್ಳೆಯದು. ತೀರಾ ದಡಕ್ಕೆ ಹೋಗಬೇಡಿ, ನೀರು ನಿಧಾನಕ್ಕೆ ಕಡಿಮೆಯಾಗುತ್ತಾ ಹೋಗುತ್ತದೆ.

ಗಂಗಾವಳಿ ಅಳಿವೆ ನಿಮ್ಮ ದೋಣಿಗೆ ಬೇಡ. ಗೋಕರ್ಣದ ಓಂ ಬೀಚ್ ಹಗಲು ಊಟಕ್ಕೆ ಸರಿ. ಉತ್ತರದ ಗುಡ್ಡ ಒಂದಿಷ್ಟು ಮರೆ ಕೊಡುತ್ತದೆ, ಆದರೆ ತೆರೆ ಸುತ್ತಿ ಬಂದು ದೋಣಿಯನ್ನು ರಾತ್ರಿಯಿಡೀ ಮಗ್ಗುಲಿಗೆ ಹೊರಳಿಸುತ್ತದೆ. ನಡುವಿನ ಬಂಡೆಗಳಿಂದ ದೂರ ಇರಿ.

ಮುಂದೆ ಮುರ್ಡೇಶ್ವರ. ಕಂದುಕಗಿರಿ ಗುಡ್ಡ ಕಡಲಿಗೆ ಚಾಚಿದೆ, ಮೂರು ಕಡೆ ನೀರು. 37 ಮೀಟರ್ ಎತ್ತರದ ಶಿವನ ಮೂರ್ತಿ, ಪಕ್ಕದಲ್ಲಿ ರಾಜಗೋಪುರ, ದೂರದಿಂದಲೇ ಗುರುತು ಸಿಗುತ್ತದೆ. ವಾಯವ್ಯ ಗಾಳಿಗೆ ದಕ್ಷಿಣ ಮಗ್ಗುಲು, ಗಾಳಿ ನೈಋತ್ಯಕ್ಕೆ ತಿರುಗಿದರೆ ಉತ್ತರ ಮಗ್ಗುಲು. ಒಂದೇ ಗುಡ್ಡ ಎರಡು ಗಾಳಿಗೂ ಕೆಲಸಕ್ಕೆ ಬರುತ್ತದೆ. ಭಟ್ಕಳದಲ್ಲಿ ಮಾವಿನಕುರ್ವೆ ಬಂದರು. ಅಲ್ಲಿಂದ ಗಂಗೊಳ್ಳಿ ಸುಮಾರು 20 ನಾಟಿಕಲ್ ಮೈಲಿ.

ದೂರದ ಅಂದಾಜು ಬೇಕಾದರೆ: ಕಾರವಾರದಿಂದ ತದಡಿ (ಅಘನಾಶಿನಿ ಅಳಿವೆಯ ಬಂದರು) ಸುಮಾರು 25, ತದಡಿಯಿಂದ ಹೊನ್ನಾವರ 15, ಹೊನ್ನಾವರದಿಂದ ಭಟ್ಕಳ 20 ನಾಟಿಕಲ್ ಮೈಲಿ. ಗಂಟೆಗೆ 5 ಮೈಲಿ ಹೋದರೂ ಬೆಳಿಗ್ಗೆ ಆರಕ್ಕೆ ಹೊರಟವರು ಕಡಲಗಾಳಿ ಜೋರಾಗುವ ಮೊದಲೇ ಮರೆ ಸೇರಬಹುದು. ಗಾಳಿಯ ಖುಷಿ ಬೇಕು ಅಂದರೆ ಇನ್ನೆರಡು ಗಂಟೆ ತಗೊಳ್ಳಿ, ಆದರೆ ಸೂರ್ಯ ಮೇಲಿರುವಾಗಲೇ ಲಂಗರು ತಳ ಮುಟ್ಟಿರಬೇಕು.

ಕುಮಟಾದ ಸದಸ್ಯೆ:

ತಂಡೇಲಣ್ಣಾ, ನಮ್ಮ ಅಘನಾಶಿನಿಯನ್ನು ಬಿಟ್ಟೇ ಬಿಟ್ಟಿರಲ್ಲ! ತದಡಿಯಲ್ಲಿ ಅಷ್ಟು ಬೋಟುಗಳು ದಿನಾ ಒಳಗೆ ಹೋಗಿ ಬರುತ್ತವೆ.

ಉತ್ತರ:

ಬಿಟ್ಟಿಲ್ಲ ತಂಗಿ, ಬೇರೆಯಾಗಿ ಹೇಳಬೇಕು ಅಂತಲೇ ಇಟ್ಟುಕೊಂಡಿದ್ದೆ. ಈ ಜಿಲ್ಲೆಯಲ್ಲಿ ಯಾವುದಾದರೂ ಒಂದು ನದಿಯ ಒಳಗೆ ಹೋಗಿ ಎಂದು ಹೇಳುವುದಾದರೆ ತದಡಿಯನ್ನೇ ಹೇಳುತ್ತೇನೆ. ಒಳಗೆ ಹೋದ ಮೇಲೆ ಕೆರೆಯಂಥ ನೀರು. ಅಣೆಕಟ್ಟು ಇಲ್ಲದ ನದಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಇಳಿತದ ಹೊತ್ತಲ್ಲಿ ಬಳಚು (ಚಿಪ್ಪಿನ ಜೀವಿ) ಹೆಕ್ಕುವ ಜನ. ಅಲ್ಲೊಂದು ದಿನ ಜಾಸ್ತಿಯೇ ನಿಲ್ಲಬೇಕು.

ಆದರೆ ಹೋಗುವ ಹೊತ್ತು ಮುಖ್ಯ. ಬೆಳಿಗ್ಗೆ, ಕಡಲಗಾಳಿ ಏಳುವ ಮೊದಲು, ಭರತ ಅರ್ಧ ಏರಿದ ಮೇಲೆ. ಏರುವ ನೀರಿನಲ್ಲಿ ದೋಣಿ ಮರಳಿಗೆ ತಾಗಿದರೂ ಸ್ವಲ್ಪ ಹೊತ್ತಿಗೆ ನೀರೇ ಎತ್ತಿ ಬಿಡುತ್ತದೆ. ಇಳಿತದಲ್ಲಿ ತಾಗಿದರೆ ಮುಂದಿನ ಭರತದವರೆಗೆ ವಾಲಿಕೊಂಡು ತೆರೆಯ ಏಟು ತಿನ್ನಬೇಕು. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ನಮ್ಮಲ್ಲಿ ನೀರಿನ ಏರಿಳಿತ ಸುಮಾರು 1.5ರಿಂದ 2 ಮೀಟರ್. 1.6 ಮೀಟರ್ ಮುಳುಗುವ ದೋಣಿಗೆ ಅಷ್ಟು ನೀರೇ ದಾರಿ ಇದೆ, ದಾರಿ ಇಲ್ಲ ಅನ್ನುವುದನ್ನು ತೀರ್ಮಾನಿಸುತ್ತದೆ.

ಹೊರಗೆ ನಿಂತು ಕಾಯಿರಿ. ಮೀನು ಹಿಡಿದು ಬರುವ ಟ್ರಾಲ್ ಬೋಟ್ ಒಂದು ಬಂದೇ ಬರುತ್ತದೆ. ಕೈ ಎತ್ತಿ ಕೇಳಿ, ಹಿಂದೆ ಹೋಗಿ. ಮಳೆಗಾಲ ಕಳೆದ ಮೇಲೆ ಮರಳು ಎಲ್ಲಿ ಕೂತಿದೆ ಎಂದು ಅವರಿಗೆ ಗೊತ್ತಿರುತ್ತದೆ, ಚಾರ್ಟ್‌ಗೆ ಗೊತ್ತಿರುವುದಿಲ್ಲ. ಅವರ ದೋಣಿ ಎಷ್ಟು ಮುಳುಗುತ್ತದೆ ಅಂತಲೂ ಕೇಳಿ, ನಿಮ್ಮದಕ್ಕಿಂತ ಕಡಿಮೆ ಇರಬಹುದು. ಒಳಗೆ ತದಡಿಯಿಂದ ಅಘನಾಶಿನಿ ಊರಿಗೆ ಜನ ದಾಟಿಸುವ ದೋಣಿಯ ದಾರಿ ಬಿಟ್ಟು ನಿಲ್ಲಿ.

ಮಲ್ಪೆಯ ಸದಸ್ಯರು:

ನಿಮ್ಮ ಮಾತು ಪೂರ್ತಿ ಒಪ್ಪುವುದಿಲ್ಲ. ನಾವು ಚಿಕ್ಕಂದಿನಿಂದ ಅಳಿವೆ ದಾಟಿದವರು. ತೂಫಾನು ಬಂದರೆ ನದಿಯೊಳಗೇ ಬಚಾವು, ಗುಡ್ಡದ ಮರೆಯಲ್ಲಿ ಅಲ್ಲ.

ಉತ್ತರ:

ನಿಮ್ಮ ಮಾತು ಸರಿ ಅಣ್ಣಾ. ಗಾಳಿ ನಾಲ್ಕು ದಿಕ್ಕು ತಿರುಗುವ ತೂಫಾನಿಗೆ ಗುಡ್ಡದ ಮರೆ ಸಾಲುವುದಿಲ್ಲ. ಆದರೆ ನೀವು ದಾಟುವುದು ದೊಡ್ಡ ಇಂಜಿನ್ ಬೋಟಿನಲ್ಲಿ, ದಿನಾ ನೋಡಿದ ಅಳಿವೆಯಲ್ಲಿ. ಇವರಿಗೆ ಎರಡೂ ಇಲ್ಲ. ತೂಫಾನಿನ ಸುದ್ದಿ ಈಗ ದಿನಗಳ ಮೊದಲೇ ಸಿಗುತ್ತದೆ. ಸುದ್ದಿ ಬಂದ ದಿನವೇ, ಕಡಲು ಶಾಂತ ಇರುವಾಗಲೇ, ಬಂದರು ಸೇರಬೇಕು. ತೆರೆ ಎದ್ದ ಮೇಲೆ ಅಳಿವೆಗೆ ಓಡುವುದು ಬೇಡ.

ಹೊನ್ನಾವರದ ವಿಷಯ ನಿಮಗೇ ಗೊತ್ತು. ಶರಾವತಿ ಅಳಿವೆಯಲ್ಲಿ ಮರಳು ಜಾಗ ಬದಲಿಸುತ್ತಲೇ ಇರುತ್ತದೆ. ಅಳಿವೆ ಪಕ್ಕದ ಕಾಸರಕೋಡಿನ ಅನುಭವಸ್ಥರ ಬೋಟುಗಳೇ ಅಲ್ಲಿ ಮಗುಚಿವೆ. ಊರಿನ ಬೋಟ್ ಮುಂದೆ ಇಲ್ಲದೆ ಅಲ್ಲಿಗೆ ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಶಿರಸಿಯವರೇ, ಹೊನ್ನಾವರವನ್ನು ಹೊರಗಿನಿಂದಲೇ ದಾಟಿ. ಪಾವಿನಕುರ್ವೆ ಎದುರಿನ ಬಸವರಾಜದುರ್ಗ ದ್ವೀಪ ನೋಡಿಕೊಂಡು ಮುರ್ಡೇಶ್ವರಕ್ಕೆ ನಡೆಯಿರಿ. ದುರ್ಗದ ಹತ್ತಿರ ಬಂಡೆ ಇದೆ, ಅಂತರ ಇರಲಿ.

ಶಿರಸಿಯ ಸದಸ್ಯರು:

ಬಹಳ ಉಪಕಾರ ಆಯಿತು. ಇನ್ನೊಂದು. ಹಗ್ಗ ಎಷ್ಟು ಬಿಡಬೇಕು? ಲಂಗರು ಹಿಡಿದಿದೆಯೋ ಇಲ್ಲವೋ ಅಂತ ಗೊತ್ತಾಗುವುದು ಹೇಗೆ?

ಉತ್ತರ:

ಲೆಕ್ಕ ಹೀಗೆ ಮಾಡಿ. ನೀರು 5 ಮೀಟರ್ ಇದೆ ಅಂದುಕೊಳ್ಳಿ. ಭರತ ಏರಿದರೆ ಇನ್ನೂ 1.5. ನೀರಿನಿಂದ ದೋಣಿಯ ಮೂತಿಯವರೆಗೆ 1. ಒಟ್ಟು 7.5 ಮೀಟರ್. ಪೂರ್ತಿ ಸರಪಳಿ ಇದ್ದರೆ ಅದರ ಐದು ಪಟ್ಟು, ಅಂದರೆ ಸುಮಾರು 38 ಮೀಟರ್. ಸರಪಳಿ ಸ್ವಲ್ಪ, ಉಳಿದದ್ದು ಹಗ್ಗ ಆದರೆ ಏಳು ಪಟ್ಟು, ಸುಮಾರು 53 ಮೀಟರ್. ತುಂಬಾ ಜನ ಈಗ ಕಾಣುವ 5 ಮೀಟರಿಗೆ ಮಾತ್ರ ಲೆಕ್ಕ ಹಾಕುತ್ತಾರೆ. ಮಧ್ಯರಾತ್ರಿ ನೀರು ಏರಿದಾಗ ಹಗ್ಗ ಗಿಡ್ಡವಾಗಿ ಲಂಗರು ಕಿತ್ತುಕೊಳ್ಳುತ್ತದೆ.

ಲಂಗರು ಎಸೆಯಬಾರದು, ಇಳಿಸಬೇಕು. ದೋಣಿ ನಿಧಾನ ಹಿಂದೆ ಸರಿಯುವಾಗ ಸರಪಳಿ ಬಿಡುತ್ತಾ ಹೋಗಿ, ಪೂರ್ತಿ ಬಿಟ್ಟ ಮೇಲೆ ಇಂಜಿನ್ ಹಿಂದಕ್ಕೆ ಹಾಕಿ ಮೆಲ್ಲಗೆ ಎಳೆಯಿರಿ. ಆಗ ಒಬ್ಬರು ಮೂತಿಯಲ್ಲಿ ಕೂತು ಬರಿಗೈಯನ್ನು ಸರಪಳಿಯ ಮೇಲೆ ಇಡಬೇಕು. ಕಟಕಟ ಅಂತ ಅದುರಿದರೆ ಲಂಗರು ಬಂಡೆಯ ಮೇಲೋ ಗಟ್ಟಿ ಮರಳಿನ ಮೇಲೋ ಜಾರುತ್ತಿದೆ, ಎತ್ತಿ ಬೇರೆ ಕಡೆ ಹಾಕಿ. ಸರಪಳಿ ನಿಧಾನಕ್ಕೆ ಬಿಗಿದು ಸುಮ್ನೆ ನಿಂತರೆ ಕೆಸರಿನಲ್ಲಿ ಕಚ್ಚಿದೆ. ಆಮೇಲೆ ದಡದಲ್ಲಿ ಒಂದರ ಹಿಂದೆ ಒಂದು ಇರುವ ಎರಡು ಗುರುತು ಹಿಡಿಯಿರಿ, ಒಂದು ತೆಂಗಿನ ಮರ, ಅದರ ಹಿಂದೆ ದೀಪದ ಕಂಬ, ಹಾಗೆ. ಅವು ಬೇರೆಯಾದರೆ ದೋಣಿ ಜಾಗ ಬಿಟ್ಟಿದೆ. ದೋಣಿ ಜಾಗ ಬಿಟ್ಟರೆ ಕೂಗುವ ಮೊಬೈಲಿನ ಅಲಾರಂ ಕೂಡ ಇಟ್ಟುಕೊಳ್ಳಿ.

ಗುಡ್ಡದ ತೀರಾ ಬುಡಕ್ಕೆ ಹೋಗಬೇಡಿ ಎಂದು ಹೇಳುವುದಕ್ಕೆ ಕಾರಣ ಇದೆ. ಸಂಜೆ ವಾಯವ್ಯ ಗಾಳಿಗೆ ದೋಣಿಯ ಹಿಂಭಾಗ ಆಗ್ನೇಯಕ್ಕೆ ಇರುತ್ತದೆ. ರಾತ್ರಿ ಮೂಡಗಾಳಿ ಬಂದ ಮೇಲೆ ದೋಣಿ ಸುತ್ತಿ ಹಿಂಭಾಗ ಪಶ್ಚಿಮಕ್ಕೆ, ಗುಡ್ಡದ ತುದಿಯ ಬಂಡೆಗಳ ಕಡೆಗೆ ಬರುತ್ತದೆ. ಆ ಪೂರ್ತಿ ಸುತ್ತಿಗೆ ಜಾಗ ಬಿಟ್ಟಿರಬೇಕು. ಕಂಬದ ಮೇಲೆ ಬಿಳಿ ದೀಪ ರಾತ್ರಿಯಿಡೀ ಉರಿಯಲಿ, ನಸುಕಿನಲ್ಲಿ ಹೊರಡುವ ಬೋಟುಗಳಿಗೆ ನೀವು ಕಾಣಬೇಕು. ಮಾಜಾಳಿ, ಕಾರವಾರದ ದಂಡೆಗಳಲ್ಲಿ ರಂಪಣಿ ಬಲೆ (ದಂಡೆಯಿಂದ ಎಳೆಯುವ ದೊಡ್ಡ ಬಲೆ) ಬಿಡುವ ಜಾಗ ಇರುತ್ತದೆ. ದಂಡೆಯವರನ್ನು ಕೇಳದೆ ಅಲ್ಲಿ ಲಂಗರು ಹಾಕಿದರೆ ಅವರ ಇಡೀ ದಿನದ ದುಡಿಮೆ ಹರಿದುಹೋಗುತ್ತದೆ.

ಬೆಂಗಳೂರಿನ ಸದಸ್ಯರು:

ನೇತ್ರಾಣಿಯಲ್ಲಿ ಒಂದು ರಾತ್ರಿ ನಿಲ್ಲಬಹುದಾ ಸರ್?

ಉತ್ತರ:

ಬೇಡ. ಮುರ್ಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲಿ ಹೊರಗಿರುವ ದ್ವೀಪ, ದಡದ ಮರೆ ಯಾವುದೂ ಇಲ್ಲ. ತಳದಲ್ಲಿ ಬಂಡೆ, ಹವಳ. ಲಂಗರು ಸಿಕ್ಕಿಕೊಂಡರೆ ಎತ್ತುವುದು ಕಷ್ಟ. ಅದಕ್ಕಿಂತ ಹೆಚ್ಚಾಗಿ, ಒಂದು ಸರಪಳಿ ರಾತ್ರಿಯಿಡೀ ಉಜ್ಜಿದರೆ ಎಷ್ಟೋ ವರ್ಷ ಬೆಳೆದ ಹವಳ ಪುಡಿಯಾಗುತ್ತದೆ. ನೋಡಬೇಕಾದರೆ ಮುರ್ಡೇಶ್ವರದಿಂದ ಡೈವಿಂಗ್‌ನವರ ಬೋಟಿನಲ್ಲಿ ಹೋಗಿ ಬನ್ನಿ.

ಅಂಕೋಲಾದ ಸದಸ್ಯರು:

ಏಪ್ರಿಲ್ ಮೇ ತಿಂಗಳಲ್ಲಿ ಹೋದರೂ ಇದೇ ಜಾಗಗಳು ಆಗುತ್ತವಾ?

ಉತ್ತರ:

ಮಾರ್ಚ್‌ವರೆಗೆ ಸರಿ, ಗಾಳಿ ಜೋರು ಅಷ್ಟೇ. ಏಪ್ರಿಲ್ ನಂತರ ದಕ್ಷಿಣದ ದೂರ ಸಾಗರದಿಂದ ಉದ್ದ ತೆರೆ ಬರುತ್ತದೆ. ಕೇರಳದವರು ಕಳ್ಳಕಡಲು ಅನ್ನುತ್ತಾರೆ. ಇಲ್ಲಿ ಗಾಳಿಯೇ ಇರುವುದಿಲ್ಲ, ತೆರೆ ಮಾತ್ರ ಏರುತ್ತದೆ. ಉತ್ತರ ಗಾಳಿಗೆ ನಂಬಿದ ದಕ್ಷಿಣ ಮಗ್ಗುಲುಗಳೆಲ್ಲಾ ಅದಕ್ಕೆ ತೆರೆದುಕೊಂಡಿರುತ್ತವೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮುನ್ಸೂಚನೆ ಕೊಡುತ್ತದೆ, ದಿನಾ ನೋಡಿ. 2021ರ ತೌಕ್ತೆ ಚಂಡಮಾರುತ ಬಂದದ್ದು ಮೇ ತಿಂಗಳಲ್ಲೇ. ಮೇ ಮಧ್ಯದೊಳಗೆ ದೋಣಿ ಮೇಲೆ ಎಳೆದಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಇಂಜಿನ್ ಬೋಟುಗಳಿಗೂ ರಜೆ. ಆ ಹೊತ್ತಲ್ಲಿ ಅಳಿವೆಯಲ್ಲಿ ದಾರಿ ತೋರಿಸಲು ಮುಂದೆ ಬೋಟೂ ಸಿಗುವುದಿಲ್ಲ.

ಶಿರಸಿಯವರೇ, ಹೊರಡುವ ಮೊದಲು ಡೆಹ್ರಾಡೂನಿನ ಹೈಡ್ರೋಗ್ರಾಫಿಕ್ ಕಚೇರಿಯ ಚಾರ್ಟ್ (ಕಡಲ ನಕ್ಷೆ) ತರಿಸಿಕೊಳ್ಳಿ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ಎರಡೂ ನಂಬರ್ ಕ್ಯಾಬಿನ್ ಗೋಡೆಗೆ ಬರೆದು ಅಂಟಿಸಿ. ದಿನಾ ಬೆಳಿಗ್ಗೆ ಇವತ್ತು ಎಲ್ಲಿ ನಿಲ್ಲುತ್ತೇವೆ, ಅಲ್ಲಿ ಆಗದಿದ್ದರೆ ಎಲ್ಲಿ, ಎರಡನ್ನೂ ಮನೆಯವರಿಗೆ ಮೆಸೇಜ್ ಮಾಡಿ. ಡೀಸೆಲ್, ಮಂಜುಗಡ್ಡೆ ಬೈತಕೋಲದಲ್ಲೇ ತುಂಬಿಕೊಳ್ಳಿ. ಲಂಗರು ಎಷ್ಟು ಕೆಜಿಯದು, ಸರಪಳಿ ಎಷ್ಟು ಮೀಟರ್ ಇದೆ ಅಂತ ಭಾವನವರನ್ನು ಕೇಳಿ ಇಲ್ಲಿ ಬರೆಯಿರಿ. ಸಾಲದಿದ್ದರೆ ಗೋವಾ ಬಿಡುವ ಮೊದಲೇ ಹೇಳುತ್ತೇನೆ.