30 ಅಂಗುಲ ಉದ್ದ ಹೆಚ್ಚಿಸಿದ ಹಳೆಯ ಲ್ಯಾಂಡ್ ರೋವರ್: ಮೂಲ ರೂಪಕ್ಕೆ ತರಬೇಕೇ, ಹೀಗೇ ಉಳಿಸಬೇಕೇ?

ದೂಳುದಾರಿ:
ಸೀರೀಸ್ ಟೂ ಎ ಮಾದರಿಯ ಹಳೆಯ ಲ್ಯಾಂಡ್ ರೋವರ್ ಒಂದು ನನ್ನ ಕೈಗೆ ಬಂದಿದೆ. ಕಾಗದಪತ್ರಗಳ ಪ್ರಕಾರ ಅದರ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, 109 ಅಂಗುಲ. ಟೇಪು ಹಿಡಿದು ಅಳೆದರೆ 139. ಯಾರೋ ಚಾಲಕನ ಸೀಟಿನ ಹಿಂದೆ ಚಾಸಿಯನ್ನು (ಗಾಡಿಯ ಅಡಿಚೌಕಟ್ಟನ್ನು) ಕತ್ತರಿಸಿ 30 ಅಂಗುಲ ಸೇರಿಸಿದ್ದಾರೆ, ಇನ್ನೆರಡು ಬಾಗಿಲು ಕೂಡಿಸಿದ್ದಾರೆ, ಹಿಂಭಾಗದಲ್ಲಿ ಎದುರುಬದುರಾಗಿ ಬೆಂಚು ಹಾಕಿದ್ದಾರೆ. ಕೆಲಸಗಾರರನ್ನು ಕರೆದೊಯ್ಯಲು ಮಾಡಿಸಿದ ಗಾಡಿ ಎನ್ನುವುದು ನೋಡಿದರೇ ತಿಳಿಯುತ್ತದೆ. ಬೆಂಚಿನ ಅಂಚುಗಳು ಸವೆದು ಹೊಳೆಯುತ್ತಿವೆ, ಹಿಂದಿನ ಮೆಟ್ಟಿಲು ನಡುವೆ ತಗ್ಗಾಗಿದೆ.

ಅಡಿಯಲ್ಲಿ ಮಲಗಿ ನೋಡಿದಾಗ ಕಂಡದ್ದು ಇಷ್ಟು. ಚಾಸಿಯ ಎಡಬದಿಯ ಬೀಮಿಗೆ ಹೊರಗಿನಿಂದ ಎರಡು ತುದಿಯೂ ಚೂಪಾದ ಉದ್ದನೆಯ ಉಕ್ಕಿನ ತಟ್ಟೆಯನ್ನು ಹೊಂದಿಸಿ ಬೆಸೆದಿದ್ದಾರೆ, ಕೆಲಸ ಅಚ್ಚುಕಟ್ಟಾಗಿದೆ. ಬಲಬದಿಯಲ್ಲಿ ಬೀಮನ್ನು ನೇರ ಲಂಬವಾಗಿ ಕತ್ತರಿಸಿ ಜೋಡಿಸಿ, ಮೇಲೊಂದು ಚೌಕ ತಟ್ಟೆ ಹಚ್ಚಿದ್ದಾರೆ. ಆ ಚೌಕ ತಟ್ಟೆ ಮುಗಿಯುವ ಕಡೆ, ಬೀಮಿನ ಕೆಳ ಅಂಚಿನಿಂದ ಕೂದಲೆಳೆಯಷ್ಟು ತೆಳ್ಳಗಿನ ಬಿರುಕು ಮೇಲಕ್ಕೆ ಹೊರಟಿದೆ. ಉಜ್ಜಿ ಒರೆಸಿದ ಮೇಲೂ ತುಕ್ಕಿನ ಗೆರೆ ಮತ್ತೆ ಅದೇ ಜಾಗದಲ್ಲಿ ಮೂಡುತ್ತಿದೆ.

ಇದನ್ನು 109ಕ್ಕೆ ಮರಳಿಸಬೇಕೇ ಅಥವಾ ಇರುವ ರೂಪದಲ್ಲೇ ಗಟ್ಟಿ ಮಾಡಬೇಕೇ? ಬಲ್ಲವರು ಹೇಳಿ.

ಮೂಲರೂಪ:
ಮರಳಿಸಿ. ಎರಡನೇ ಯೋಚನೆ ಬೇಡ.

ಲ್ಯಾಂಡ್ ರೋವರ್ 1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಹೊರಬಂದಾಗ ವೀಲ್‌ಬೇಸ್ 80 ಅಂಗುಲ ಇತ್ತು. 1954ರಲ್ಲಿ 86 ಮತ್ತು 107 ಅಂಗುಲದ ಎರಡು ಅಳತೆಗಳು ಬಂದವು, ಆಮೇಲೆ ಡೀಸೆಲ್ ಎಂಜಿನ್‌ಗೆ ಜಾಗ ಮಾಡಲು ಎರಡೆರಡು ಅಂಗುಲ ಸೇರಿ 88 ಮತ್ತು 109 ಆದವು. ಎರಡಂಗುಲ ಹೆಚ್ಚಿಸಲು ಕಾರ್ಖಾನೆ ಅಷ್ಟು ಯೋಚಿಸಿದೆ. ಇಲ್ಲಿ ಯಾರೋ ಒಂದೇ ಏಟಿಗೆ 30 ಅಂಗುಲ ಸೇರಿಸಿದ್ದಾರೆ. ಆ ಲೆಕ್ಕವನ್ನು ಯಾರು ಹಾಕಿದರು, ಎಷ್ಟು ಭಾರಕ್ಕೆ ಹಾಕಿದರು ಎಂದು ಹೇಳಲು ಇಂದು ಯಾರೂ ಇಲ್ಲ. ಇಂಥ ಗಾಡಿಯಲ್ಲಿ ಜನರನ್ನು ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಮೂಲ ಅಳತೆಯ ಹೊಸ ಚಾಸಿ ಇಂದಿಗೂ ಸಿಗುತ್ತದೆ, ಸತುವಿನ ಲೇಪನದೊಂದಿಗೇ ಸಿಗುತ್ತದೆ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳನ್ನು (ಚಕ್ರದ ಅಚ್ಚುಗಳನ್ನು) ಅದಕ್ಕೆ ಕೂರಿಸಿ. ವಿನ್ಯಾಸಕಾರರು ಕಲ್ಪಿಸಿದ ಗಾಡಿ ನಿಮ್ಮೆದುರು ನಿಲ್ಲುತ್ತದೆ.

ಗಾಲಿಚರಿತ್ರೆ:
ಮೂಲರೂಪ ಅವರೇ, ಕಾರ್ಖಾನೆ ಕತ್ತರಿ ಹಿಡಿಯಲೇ ಇಲ್ಲ ಎಂಬಂತೆ ಮಾತನಾಡುತ್ತಿದ್ದೀರಿ. 1980ರ ದಶಕದಲ್ಲಿ ಲ್ಯಾಂಡ್ ರೋವರ್ 127 ಬಂತಲ್ಲ, ಅದರ ಮೊದಮೊದಲ ಗಾಡಿಗಳನ್ನು ಹೇಗೆ ಕಟ್ಟಿದರು ಗೊತ್ತೇ? 110 ಮಾದರಿಯ ಗಾಡಿಯನ್ನು ಕಂಪನಿಯ ವಿಶೇಷ ವಾಹನಗಳ ವಿಭಾಗದಲ್ಲಿ ನಡುವೆ ಕತ್ತರಿಸಿ, 17 ಅಂಗುಲದ ಚಾಸಿ ತುಂಡನ್ನು ಸೇರಿಸಿ ಬೆಸೆದರು. ದೂಳುದಾರಿ ಅವರ ಗಾಡಿ ಕಟ್ಟಿದವರು ಮಾಡಿದ್ದೂ ಅದೇ ಕೆಲಸ.

ಈ ಬಗೆಯ ಗಾಡಿಗಳಲ್ಲಿ ‘ಮೂಲ’ ಎನ್ನುವುದು ಕಾರ್ಖಾನೆಯ ಬಾಗಿಲಲ್ಲೇ ಮುಗಿಯುವುದಿಲ್ಲ. ಸ್ಕಾಟ್ಲೆಂಡಿನ ಬಿಗ್ಗರ್ ಊರಿನ ಕತ್ಬರ್ಟ್‌ಸನ್ ಕಂಪನಿ ಲ್ಯಾಂಡ್ ರೋವರಿನ ನಾಲ್ಕೂ ಚಕ್ರ ಬಿಚ್ಚಿ, ಆ ಜಾಗದಲ್ಲಿ ಹಲ್ಲುಚಕ್ರ ಕೂರಿಸಿ, ಕೆಳಗೆ ನಾಲ್ಕು ಪ್ರತ್ಯೇಕ ಟ್ರ್ಯಾಕ್‌ಗಳನ್ನು (ಟ್ಯಾಂಕಿಗಿರುವಂಥ ಸುತ್ತುಪಟ್ಟಿಗಳನ್ನು) ಜೋಡಿಸಿತು. ಕಾಲಿಟ್ಟರೆ ಹೂಳುವ ಜೌಗಿನಲ್ಲಿ ಓಡಲು ಅದು ಬೇಕಿತ್ತು. ರೋಡ್‌ಲೆಸ್ ಕಂಪನಿ ಕಾಡಿನ ಕೆಲಸಕ್ಕೆಂದು ಟ್ರ್ಯಾಕ್ಟರ್ ಗಾತ್ರದ ಚಕ್ರಗಳ ಮೇಲೆ 109ನ್ನು ನಿಲ್ಲಿಸಿತು. 100 ಅಂಗುಲದ ರೇಂಜ್ ರೋವರನ್ನು ಉದ್ದ ಮಾಡಿ, ಶಕ್ತಿ ಹರಿಯದ ಮೂರನೇ ಆಕ್ಸಲ್ ಸೇರಿಸಿ, ಕಾರ್ಮೈಕಲ್ ಕಂಪನಿ ಆರು ಚಕ್ರದ ಅಗ್ನಿಶಾಮಕ ವಾಹನ ಮಾಡಿತು; ಬ್ರಿಟಿಷ್ ವಾಯುಪಡೆಯ ವಿಮಾನ ನೆಲೆಗಳಲ್ಲಿ ಅವು ದುಡಿದವು. ಇವುಗಳನ್ನೆಲ್ಲ ‘ಸರಿಪಡಿಸಿ’ ಕಾರ್ಖಾನೆಯ ರೂಪಕ್ಕೆ ತಂದಿದ್ದರೆ ಇಂದು ನೋಡಲು ಏನು ಉಳಿಯುತ್ತಿತ್ತು?

ಎಲ್ಲಕ್ಕಿಂತ ದೊಡ್ಡ ಉದಾಹರಣೆ ಫಿಲಿಪ್ಪೀನ್ಸ್‌ನ ಜೀಪ್ನಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳಿಗೆ ಚಾವಣಿ ಹಾಕಿ, ಹಿಂದೆ ಉದ್ದುದ್ದ ಎರಡು ಬೆಂಚು ಇಟ್ಟು, ಬರಬರುತ್ತ ದೇಹವನ್ನೇ ಹಿಗ್ಗಿಸಿ ಜನ ಅದನ್ನು ದೇಶದ ಸಾರಿಗೆ ಮಾಡಿಕೊಂಡರು. ಅವುಗಳ ತಾಯಿಯಾದ ವಿಲ್ಲೀಸ್ ಜೀಪಿನ ವೀಲ್‌ಬೇಸ್ ಬರೀ 80 ಅಂಗುಲ. ಜೀಪ್ನಿಯನ್ನು ಯಾರಾದರೂ ಹಾಳಾದ ಜೀಪು ಎಂದು ಕರೆಯುತ್ತಾರೆಯೇ?

ಬೆಸುಗೆಗಾರ:
ಚರಿತ್ರೆ ಒಂದು ಕಡೆ ಇರಲಿ, ಮೊದಲು ಆ ಬಿರುಕಿನ ಮಾತಾಡೋಣ. ಈ ಗಾಡಿಯ ಭವಿಷ್ಯ ಅದರಲ್ಲಿದೆ.

ಸೀರೀಸ್ ಲ್ಯಾಂಡ್ ರೋವರಿನ ಚಾಸಿ ಬೀಮು ಎಂದರೆ ನಾಲ್ಕು ಚಪ್ಪಟೆ ಉಕ್ಕಿನ ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ಬೆಸೆದ ಪೆಟ್ಟಿಗೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಭಾರ ಬಿದ್ದಾಗ ಅದರ ಮೇಲಿನ ಪಟ್ಟಿ ಒತ್ತಿಕೊಳ್ಳುತ್ತದೆ, ಕೆಳಗಿನ ಪಟ್ಟಿ ಎಳೆಯಲ್ಪಡುತ್ತದೆ. ಉಕ್ಕು ಬಿರಿಯುವುದು ಎಳೆತದಲ್ಲಿ. ಆದ್ದರಿಂದಲೇ ನಿಮ್ಮ ಬಿರುಕು ಕೆಳಗಿನಿಂದ ಹೊರಟಿದೆ.

ಉದ್ದದ ಪರಿಣಾಮವನ್ನೂ ನೋಡಿ. ಅದೇ ಬೀಮು, ಅದೇ ಭಾರ ಇದ್ದರೂ ಬಾಗುವ ಪ್ರಮಾಣ ಉದ್ದದ ಘನದಂತೆ ಏರುತ್ತದೆ. 109ರಿಂದ 139 ಎಂದರೆ ಉದ್ದ ಹೆಚ್ಚಿದ್ದು ಶೇ. 28ರಷ್ಟು, ಬಾಗುವಿಕೆ ಎರಡು ಪಟ್ಟು ದಾಟುತ್ತದೆ. ಇದರ ಮೇಲೆ ಬೆಂಚು ತುಂಬ ಜನ. ಮೂಲರೂಪ ಅವರ ಆತಂಕಕ್ಕೆ ಆಧಾರವಿದೆ.

ಆದರೆ ಎಡಬದಿಯನ್ನು ಇನ್ನೊಮ್ಮೆ ನೋಡಿ. ತಟ್ಟೆಯ ತುದಿಗಳನ್ನು ಚೂಪು ಮಾಡಿದ್ದಾರೆ. ಅಂದರೆ ಗಟ್ಟಿ ಭಾಗದಿಂದ ಮೆದು ಭಾಗಕ್ಕೆ ಒತ್ತಡ ನಿಧಾನವಾಗಿ ಹಂಚಿಹೋಗುತ್ತದೆ. ಬಲಬದಿಯ ಚೌಕ ತಟ್ಟೆ ಥಟ್ಟನೆ ಮುಗಿಯುತ್ತದೆ, ಇಡೀ ಒತ್ತಡ ಆ ಒಂದೇ ಗೆರೆಯಲ್ಲಿ ನಿಲ್ಲುತ್ತದೆ. ಸಾಲದ್ದಕ್ಕೆ ಬೆಸುಗೆಯ ಕಾವು ತಗುಲಿದ ಜಾಗವೂ ಅದೇ. ಎಡಬದಿಯನ್ನು ಮಾಡಿದ ಕೈಗೂ ಬಲಬದಿಯನ್ನು ಮಾಡಿದ ಕೈಗೂ ಸಂಬಂಧವಿಲ್ಲ ಎಂದು ನನ್ನ ಊಹೆ. ಬಲಬದಿ ಯಾವಾಗಲೋ ಪೆಟ್ಟು ತಿಂದು, ಸಿಕ್ಕವರ ಕೈಯಲ್ಲಿ ರಿಪೇರಿ ಆಗಿರಬೇಕು.

ಗೇರ್‌ಬಾಕ್ಸಿನ ಕಡೆಯಿಂದ ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ತಿರುಗುವ ದಂಡ, ಅಂದರೆ ಪ್ರೊಪೆಲ್ಲರ್ ಶಾಫ್ಟ್, ಹೇಗಿದೆ ಎಂದು ತಿಳಿಸಿ. ಒಂದೇ ಉದ್ದನೆಯ ಶಾಫ್ಟೋ, ಎರಡು ತುಂಡೋ?

ದೂಳುದಾರಿ:
ಎರಡು ತುಂಡು. ಸೇರಿಸಿದ ಭಾಗದ ಅಡ್ಡಪಟ್ಟಿಗೆ ನಡುವಿನ ಬೇರಿಂಗ್ ಕೂರಿಸಿದ್ದಾರೆ. ರಬ್ಬರು ಒಣಗಿ ಸೀಳಿದೆ, ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಸದ್ದಿಲ್ಲ. ಬ್ರೇಕ್ ಪೈಪನ್ನೂ ನಡುವೆ ಜೋಡಿಸಿಲ್ಲ, ಮುಂದಿನಿಂದ ಹಿಂದಿನವರೆಗೆ ಒಂದೇ ಉದ್ದದ ಪೈಪು ಎಳೆದಿದ್ದಾರೆ.

ಬೆಸುಗೆಗಾರ:
ಹಾಗಾದರೆ ಕಟ್ಟಿದವರು ಕೆಲಸ ತಿಳಿದವರು. ಶಾಫ್ಟಿನ ಉದ್ದ ದುಪ್ಪಟ್ಟಾದರೆ ಅದು ನಡುಗಿ ಬಳುಕಲು ತೊಡಗುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಅಡ್ಡಾದಿಡ್ಡಿ ಉದ್ದ ಮಾಡಿದ ಗಾಡಿಗಳಲ್ಲಿ ಮೊದಲು ಕೈಕೊಡುವುದು ಇದೇ. ಅದನ್ನು ಅರಿತು ಎರಡು ತುಂಡು ಮಾಡಿ ನಡುವೆ ಬೇರಿಂಗ್ ಇಟ್ಟಿದ್ದಾರೆ. ಲೆಕ್ಕ ಹಾಕಿದವರು ಯಾರು ಎಂದು ಕೇಳಿದಿರಲ್ಲ ಮೂಲರೂಪ ಅವರೇ, ಹೆಸರು ತಿಳಿಯದಿರಬಹುದು, ಲೆಕ್ಕ ಮಾತ್ರ ಗಾಡಿಯ ಅಡಿಯಲ್ಲೇ ಇದೆ.

ಮೂಲರೂಪ:
ಬೇರಿಂಗ್ ನೋಡಿ ಇಡೀ ಗಾಡಿಗೆ ಪ್ರಮಾಣಪತ್ರ ಕೊಡಲಾಗದು. ತಿಳಿದವರು ಎಂಬ ಧೈರ್ಯದಲ್ಲೇ ದೊಡ್ಡ ದೊಡ್ಡ ಗಾಡಿಗಳು ಸೋತಿವೆ. 1939ರಲ್ಲಿ ಅಮೆರಿಕದವರು ಅಂಟಾರ್ಕ್ಟಿಕಾಕ್ಕೆಂದು ಸ್ನೋ ಕ್ರೂಸರ್ ಕಟ್ಟಿದರು. ಸುಮಾರು 17 ಮೀಟರ್ ಉದ್ದ, 34 ಟನ್ ತೂಕ, ಒಂದೊಂದು ಟಯರಿನ ವ್ಯಾಸ 3 ಮೀಟರ್. ಒಳಗೆ ಮಲಗುವ ಕೋಣೆ, ಪ್ರಯೋಗಾಲಯ, ಚಾವಣಿಯ ಮೇಲೆ ವಿಮಾನ. ಹಿಮದ ಮೇಲೆ ಇಳಿಸಿದ್ದೇ ತಡ, ಚಕ್ರಗಳು ಗಿರಗಿರ ತಿರುಗಿ ಹೂತವು. ಕೊನೆಗೆ ಅಲ್ಲೇ ಬಿಟ್ಟುಬಂದರು. ಕಟ್ಟಿದವರಲ್ಲಿ ಜಾಣರಿಗೆ ಕೊರತೆ ಇರಲಿಲ್ಲ.

ಹಿಮಜಾಡು:
ಸ್ನೋ ಕ್ರೂಸರ್ ಹೆಸರು ಬಂದದ್ದಕ್ಕೆ ಸುಮ್ಮನಿರಲಾಗಲಿಲ್ಲ. ಅದು ಸೋತದ್ದು ವಿಚಿತ್ರ ಆಕಾರದಿಂದಲ್ಲ. ಹಿಮದ ಬಿರುಕುಗಳನ್ನು ದಾಟಲೆಂದು ಮುಂದೆ ಹಿಂದೆ ದೇಹವನ್ನು ಚಾಚಿ, ಚಕ್ರಗಳನ್ನು ಮೇಲೆಳೆದುಕೊಳ್ಳುವಂತೆ ಮಾಡಿದ್ದು ಅದ್ಭುತ ಕಲ್ಪನೆ. ಸೋಲು ಬಂದದ್ದು ಟಯರುಗಳಿಂದ. ಅವುಗಳ ಮೈ ನುಣುಪು, ಹಿಡಿತಕ್ಕೆ ಒಂದು ಗೀರೂ ಇಲ್ಲ. ರಿವರ್ಸ್ ಗೇರಿನಲ್ಲಿ ಓಡಿಸಿದರೆ ಸ್ವಲ್ಪ ಮೇಲು ಎಂದು ಕಂಡುಕೊಂಡು, ಒಮ್ಮೆ 92 ಮೈಲಿ ದೂರವನ್ನು ಹಿಂದುಹಿಂದಾಗಿಯೇ ಕ್ರಮಿಸಿದರು. ಅದು ಓಡಬೇಕಾದ ನೆಲದ ಮೇಲೆ ಅದನ್ನು ಮೊದಲೇ ಓಡಿಸಿ ನೋಡಿರಲಿಲ್ಲ.

ಅದೇ ಖಂಡದಲ್ಲಿ 1958ರ ಜನವರಿ 4ರಂದು ಎಡ್ಮಂಡ್ ಹಿಲರಿಯ ತಂಡ ದಕ್ಷಿಣ ಧ್ರುವ ಮುಟ್ಟಿದ್ದು ಹೊಲ ಉಳುವ ಫರ್ಗುಸನ್ ಟ್ರ್ಯಾಕ್ಟರುಗಳಲ್ಲಿ. ಚಕ್ರಗಳ ಸುತ್ತ ಟ್ರ್ಯಾಕ್ ಹಾಕಿ ಮಾರ್ಪಡಿಸಿದ ಪುಟ್ಟ ಯಂತ್ರಗಳವು. ಮಾರ್ಪಾಡು ತಪ್ಪೋ ಸರಿಯೋ ಎನ್ನುವುದನ್ನು ನೆಲವೇ ತೀರ್ಮಾನಿಸಿತು. ದೂಳುದಾರಿ ಅವರ ಗಾಡಿಯ ಮೆಟ್ಟಿಲು ತಗ್ಗಾಗುವಷ್ಟು ಜನ ಅದನ್ನು ಹತ್ತಿ ಇಳಿದಿದ್ದಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಕಡಿದಾದಹಾದಿ:
ನಾನು ಇಂಥ ಗಾಡಿಗಳನ್ನು ಓಡಿಸುವವನು, ಕಟ್ಟುವವನಲ್ಲ. ಒಂದು ವಿಷಯ ಯಾರೂ ಹೇಳಲಿಲ್ಲ. ಉದ್ದ ಮಾಡಿದ ಮೇಲೆ ಅದು ಬೇರೆ ಗಾಡಿ, ಬೇರೆ ಹಾದಿಗೆ ಸೇರಿದ್ದು. ದಿಬ್ಬದ ನೆತ್ತಿ ದಾಟುವಾಗ ಹೊಟ್ಟೆ ತಾಗದಂತೆ ಹೋಗಬಲ್ಲ ಕೋನವನ್ನು ಲೆಕ್ಕ ಹಾಕಿ. ನೆಲದಿಂದ ಹೊಟ್ಟೆಗೆ 8 ಅಂಗುಲ ಎತ್ತರ ಎಂದು ಹಿಡಿದು, ಚಕ್ರದ ಗಾತ್ರವನ್ನು ಬದಿಗಿಟ್ಟರೆ, 80 ಅಂಗುಲದ ವೀಲ್‌ಬೇಸಿಗೆ ಸುಮಾರು 22.6 ಡಿಗ್ರಿ, 109ಕ್ಕೆ 16.7, 139ಕ್ಕೆ 13.1. ಚಿಕ್ಕ ಗಾಡಿ ಸಲೀಸಾಗಿ ದಾಟುವ ದಿಬ್ಬದ ಮೇಲೆ ಇದು ಹೊಟ್ಟೆ ಊರಿ ಕೂರುತ್ತದೆ. ತಿರುಗಲು ಬೇಕಾದ ಜಾಗವೂ ಅದೇ ಶೇ. 28ರಷ್ಟು ಹೆಚ್ಚು.

ಹಾಗೆಂದು ಉದ್ದ ಗಾಡಿ ಕೆಟ್ಟದ್ದಲ್ಲ. ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಬೇಗ ಹಗುರಾಗುವುದಿಲ್ಲ. ಉಬ್ಬುತಗ್ಗಿನ ಮಣ್ಣುಹಾದಿಯಲ್ಲಿ ಕುಳಿತವರು ಅಷ್ಟಾಗಿ ಎಗರುವುದಿಲ್ಲ. ಇಡೀ ದಿನ ಜನರನ್ನು ಹೊತ್ತು ಮಣ್ಣುಹಾದಿಯಲ್ಲಿ ಓಡುವುದಾದರೆ ನಾನು ಕಣ್ಣುಮುಚ್ಚಿ 139ನ್ನೇ ಆರಿಸುತ್ತೇನೆ. ಬಂಡೆಗಳ ಮೇಲೆ ಹತ್ತಿಸುವ ಹುಮ್ಮಸ್ಸಿದ್ದರೆ ಮಾತ್ರ ಅದು ನಿಮ್ಮ ಗಾಡಿಯಲ್ಲ.

ಮೂಲರೂಪ:
ಕಡಿದಾದಹಾದಿ ಅವರ ಲೆಕ್ಕ ಒಪ್ಪುತ್ತೇನೆ. ಇನ್ನೊಂದು ತೊಡಕು ಹೇಳುತ್ತೇನೆ, ಗುರುತಿನದ್ದು. ಬ್ರಿಟನ್ನಿನಲ್ಲಿ ಬಹುಕಾಲ ಅಂಕಗಳ ಪದ್ಧತಿ ನಡೆದುಬಂತು. ಹಳೆಯ ನೋಂದಣಿ ಉಳಿಯಲು 8 ಅಂಕ ಬೇಕಿತ್ತು. ಬದಲಾಗದ ಚಾಸಿಗೆ 5, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟಿಯರಿಂಗ್‌ಗೆ ತಲಾ 2, ಎಂಜಿನ್ನಿಗೆ ಬರೀ 1. ಚಾಸಿ ಕತ್ತರಿಸಿದ್ದರೆ ಮಿಕ್ಕ ಅಂಕಗಳು ಎಷ್ಟೇ ಇದ್ದರೂ ಹಳೆಯ ಗುರುತು ಹೋಗುತ್ತಿತ್ತು. ಚಾಸಿಯೇ ಗಾಡಿ ಎಂದು ಕಾನೂನು ಕೂಡ ಭಾವಿಸಿತ್ತು ಎಂದಾಯಿತು.

ಗಾಲಿಚರಿತ್ರೆ:
ಆ ಪದ್ಧತಿಯ ಇನ್ನೊಂದು ಮುಖವನ್ನೂ ಹೇಳಬೇಕಿತ್ತು. ತಯಾರಕರಿಂದ ಬಂದ ಅದೇ ಅಳತೆಯ ಹೊಚ್ಚಹೊಸ ಚಾಸಿ ಹಾಕಿದರೂ ಆ 5 ಅಂಕ ಸಿಗುತ್ತಿತ್ತು. ಅಂದರೆ ದಶಕಗಳ ಕಾಲ ದುಡಿದ, ಬೆಸುಗೆ ಹಾಕಿದ ಉಕ್ಕಿಗೆ ಗುರುತಿಲ್ಲ, ನಿನ್ನೆ ಹುಟ್ಟಿದ ಉಕ್ಕಿಗೆ ಗುರುತುಂಟು! ಸುರಕ್ಷತೆಗಾಗಿ ಅಧಿಕಾರಿಗಳು ಹಾಗೆ ಮಾಡಿದ್ದನ್ನು ತಪ್ಪೆನ್ನಲಾರೆ. ಆದರೆ ಹಳೆಯ ಗಾಡಿಯನ್ನು ಪ್ರೀತಿಸುವ ನಾವೂ ಅದೇ ಅಳತೆಗೋಲು ಹಿಡಿದರೆ ಹೇಗೆ? ಕಾರ್ಖಾನೆಯಿಂದ ಬಂದಂಥ 109ಗಳು ಜಗತ್ತಿನಲ್ಲಿ ಸಾಕಷ್ಟಿವೆ. ಈ 139 ಅಂಗುಲದ್ದು ಇದೊಂದೇ. ಅದನ್ನು ಕತ್ತರಿಸಿದರೆ ಇನ್ನೊಂದು 109 ಸಿಗುತ್ತದೆ, ಈ ಗಾಡಿ ಎಲ್ಲಿಯೂ ಸಿಗುವುದಿಲ್ಲ.

ದೂಳುದಾರಿ:
ಎಲ್ಲರ ಮಾತೂ ಓದಿದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದು ನನಗೆ ಇಷ್ಟವಿಲ್ಲ, ಆದ್ದರಿಂದ ನೇರವಾಗಿ ಹೇಳುತ್ತೇನೆ: ಉದ್ದವನ್ನು ಹಾಗೆಯೇ ಉಳಿಸುತ್ತೇನೆ. ಬಲಬದಿ ಸರಿಯಾಗುವವರೆಗೆ ಬೆಂಚಿನ ಮೇಲೆ ಯಾರನ್ನೂ ಕೂರಿಸುವುದಿಲ್ಲ. ಬೆಸುಗೆಗಾರ ಅವರೇ, ಎಲ್ಲಿಂದ ಆರಂಭಿಸಲಿ?

ಮೂಲರೂಪ:
ನನ್ನ ಅಭಿಪ್ರಾಯ ಬದಲಾಗಿಲ್ಲ, ನಿಮ್ಮ ತೀರ್ಮಾನ ನಿಮ್ಮದು. ಒಂದೇ ಕೋರಿಕೆ. ಬಿಚ್ಚುವ ಮೊದಲು ಪ್ರತಿಯೊಂದು ಜೋಡಣೆಯ ಫೋಟೊ, ಅಳತೆ ಬರೆದಿಡಿ. ತೆಗೆದ ಚೌಕ ತಟ್ಟೆಯನ್ನೂ ಗುಜರಿಗೆ ಹಾಕಬೇಡಿ. ಉಳಿಸುವುದೇ ಆದರೆ ಪೂರ್ತಿಯಾಗಿ ಉಳಿಸಿ.

ಬೆಸುಗೆಗಾರ:
ಮೊದಲು ದೇಹವನ್ನು ಚಾಸಿಯಿಂದ ಬಿಡಿಸಿ, ಸಮತಟ್ಟಾದ ನೆಲದ ಮೇಲೆ ಚಾಸಿಯ ಕರ್ಣಗಳನ್ನು ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಒಂದೇ ಬರದಿದ್ದರೆ ಚಾಸಿ ಸೊಟ್ಟಗಾಗಿದೆ ಎಂದರ್ಥ, ಅದನ್ನು ನೇರ ಮಾಡದೆ ಬೆಸುಗೆ ಹಾಕಬೇಡಿ. ಬಿರುಕು ಎಲ್ಲಿ ಮುಗಿಯುತ್ತದೆ ಎಂದು ಕಣ್ಣಂದಾಜಿನಲ್ಲಿ ಹೇಳಲಾಗದು. ಬಣ್ಣದ ದ್ರವ ಹಚ್ಚಿ ಪರೀಕ್ಷಿಸಿ. ತುದಿ ಸಿಕ್ಕ ಮೇಲೆ ಅಲ್ಲಿ ಸಣ್ಣ ರಂಧ್ರ ಕೊರೆಯಿರಿ, ಅದು ಮುಂದೆ ಓಡುವುದಿಲ್ಲ. ಚೌಕ ತಟ್ಟೆಯನ್ನು ಸುಟ್ಟು ತೆಗೆಯಬೇಡಿ, ಉಜ್ಜಿ ತೆಗೆಯಿರಿ. ಎಡಬದಿಯ ತಟ್ಟೆಯ ಅಚ್ಚನ್ನು ರಟ್ಟಿನ ಮೇಲೆ ತೆಗೆದುಕೊಂಡು ಅದನ್ನೇ ಬಲಬದಿಗೆ ತಿರುಗಿಸಿ ಕತ್ತರಿಸಿ. ತಟ್ಟೆಯ ಉದ್ದಕ್ಕೆ ಬೆಸೆಯಿರಿ, ಬೀಮಿನ ಕೆಳ ಅಂಚಿಗೆ ಅಡ್ಡಲಾಗಿ ಬೆಸುಗೆ ಎಳೆಯಬೇಡಿ. ಕರ್ಣದ ಅಳತೆ ಬಂದ ಕೂಡಲೇ ಇಲ್ಲಿ ಬರೆಯಿರಿ, ಅಲ್ಲಿಯವರೆಗೆ ಉಕ್ಕು ಕತ್ತರಿಸಬೇಡಿ.