ಅಪ್‌ಡೇಟ್: ಕಲಬುರಗಿಯಲ್ಲಿಯೇ ಓದು ಮುಂದುವರಿಸುತ್ತಿದ್ದೇನೆ

ಶಿವಮೊಗ್ಗದಿಂದ ಓದಲು ಕಲಬುರಗಿಗೆ ಬಂದ ನನಗೆ ಇಲ್ಲಿನ ಊಟ, ಬಿಸಿಲು, ಮಾತಿನ ರೀತಿ ಎಲ್ಲವೂ ಹೊಸತಾಗಿದ್ದು, ಇಲ್ಲಿಯೇ ಮುಂದುವರಿಯಬೇಕೇ ಎಂದು ಈ ಹಿಂದೆ ಕೇಳಿದ್ದೆ. ಸಹಪಾಠಿಗಳ ಮನೆಗೆ ಹೋಗಿ ಬರುವಂತೆ ಹಲವರು ಸಲಹೆ ನೀಡಿದ್ದಿರಿ. ಹಾಗೆಯೇ ಮಾಡಿದೆ, ಇಲ್ಲಿಯೇ ಓದು ಮುಗಿಸಲು ನಿರ್ಧರಿಸಿದ್ದೇನೆ.

ಅನ್ನವೇ ಮುಖ್ಯವಾದ ಮಲೆನಾಡಿನ ಊಟಕ್ಕೆ ಒಗ್ಗಿದ ನನಗೆ, ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಗಳ ಊಟವು ಕಪ್ಪು ಮಣ್ಣಿನ, ಕಡಿಮೆ ಮಳೆಯ ಈ ನೆಲದ ಬೆಳೆಗಳಿಂದಲೇ ರೂಪುಗೊಂಡಿದೆ ಎಂಬುದು, 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಲ್ಲಿನ ತೊಗರಿಯ ಹೊಲಗಳನ್ನು ಗೆಳತಿಯ ಊರಿನಲ್ಲಿ ಕಂಡಾಗ ಸ್ಪಷ್ಟವಾಯಿತು. ಮಾತಿನಲ್ಲಿ ಉರ್ದು ಬೆರೆತಿರುವುದಕ್ಕೂ ಕಾರಣವಿದೆ: ಈ ಪ್ರದೇಶವು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಷ್ಟೇ ಮೈಸೂರು ರಾಜ್ಯವನ್ನು ಸೇರಿತು. ದಕ್ಷಿಣದ ಮಕ್ಕಳಿಗೆ ಶಾಲೆಯಲ್ಲಿಯೇ ಈ ಇತಿಹಾಸವನ್ನು ವಿವರವಾಗಿ ಕಲಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಶರಣಬಸವೇಶ್ವರ ದೇವಸ್ಥಾನಕ್ಕೂ ಖ್ವಾಜಾ ಬಂದೇನವಾಜ್ ದರ್ಗಾಕ್ಕೂ ಭಕ್ತಿಯಿಂದ ನಡೆದುಕೊಳ್ಳುವ ಕುಟುಂಬವನ್ನೂ ಕಂಡೆ. ಅದು ನನ್ನನ್ನು ಬಹಳ ಸೆಳೆಯಿತು. ಬಿಸಿಲು ಮಾತ್ರ ಈಗಲೂ ಕಷ್ಟವೇ, ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಮುಂದಿನ ರಜೆಯಲ್ಲಿ ಗೆಳತಿಯನ್ನು ನಮ್ಮೂರಿಗೆ ಕರೆದೊಯ್ಯಲಿದ್ದೇನೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.