ಸಹಾಯ ಬೇಕು: ಮರ ಉಜ್ಜೋ ಬೆಲ್ಟ್-ಸ್ಪಿಂಡಲ್ ಕಾಂಬೋ ಸ್ಯಾಂಡರ್ ತಗೊಳ್ಳೋದಾ, ಬೇರೆ ಬೇರೆನಾ?

ಪೀಣ್ಯದಲ್ಲಿ 10×12 ಅಡಿ ವರ್ಕ್‌ಶಾಪ್, ಸಿಂಗಲ್ ಫೇಸ್ ಕರೆಂಟ್. ಹೆಚ್ಚಾಗಿ ತೇಗದ ಕುರ್ಚಿ ಕಾಲು, ಕೈಹಿಡಿ. ಒಳತಿರುವು ಉಜ್ಜೋಕೆ ಸದ್ಯಕ್ಕೆ ಡ್ರಿಲ್ ಪ್ರೆಸ್ಸಿಗೆ ಸ್ಯಾಂಡಿಂಗ್ ಡ್ರಮ್ ಹಾಕಿದೀನಿ. ಡ್ರಮ್ ತಿರುಗುತ್ತೆ ಅಷ್ಟೇ, ಮೇಲೆ ಕೆಳಗೆ ಆಡಲ್ಲ. ಅದಕ್ಕೇ ಅಡ್ಡಗೆರೆ ಬೀಳುತ್ತೆ. ತೇಗದ ಎಣ್ಣೆಗೆ 120 ಗ್ರಿಟ್ ಸ್ಲೀವ್ (ಡ್ರಮ್ಮಿಗೆ ಹಾಕೋ ಉಜ್ಜುಕಾಗದದ ಕೊಳವೆ) ಮೆತ್ತಿಕೊಂಡು ಮರ ಕಂದಾಗಿ ಸುಡುತ್ತೆ. ಪಕ್ಕದಿಂದ ಒತ್ತಿದ್ರೆ ಡ್ರಮ್ ಹಿಡಿದಿರೋ ಡ್ರಿಲ್ ಚಕ್ಕೇ ಸಡಿಲ ಆಗುತ್ತೆ, ಅದು ಬೇರೆ ತಲೆನೋವು.

ಇನ್ನೂ ಒರಟಾದ 80 ಗ್ರಿಟ್‌ಗೆ ಇಳಿದೆ, ಸ್ಪೀಡ್ ತಗ್ಗಿಸಿದೆ, ಕ್ರೇಪ್ ರಬ್ಬರ್ ಕಡ್ಡಿ ಹಿಡಿದು ಸ್ಲೀವ್ ಕ್ಲೀನ್ ಮಾಡಿದೆ. ಸುಡೋದು ಕಮ್ಮಿ ಆಯ್ತು, ಗೆರೆ ಹೋಗ್ಲಿಲ್ಲ.

ಹಾಗಾಗಿ ಆಸಿಲೇಟಿಂಗ್ ಕಾಂಬೋ, ಅಂದ್ರೆ ಸ್ಪಿಂಡಲ್ ತಿರುಗ್ತಾ ಮೇಲೆ ಕೆಳಗೂ ಆಡೋದು, ಜೊತೆಗೆ ಬೆಲ್ಟೂ ಇರೋದು, ನೋಡ್ತಿದೀನಿ. 4×24 ಇಂಚಿನ ಬೆಲ್ಟ್ ಇರೋದೇ ವಾಸಿ: 100×610 ಎಂಎಂ ಅಂದ್ರೆ ಕೈ ಬೆಲ್ಟ್ ಸ್ಯಾಂಡರ್‌ದೇ ಸೈಜು. ಗೊಂದಲ ಸ್ಲೀವ್ ಮತ್ತೆ ಮೋಟಾರ್‌ದು. ಅಮೆರಿಕದ ಮಾಡೆಲ್‌ಗಳು 120 ವೋಲ್ಟ್, 60 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತೆ, ಹರ್ಟ್ಜ್ ಬದಲಾಯಿಸಲ್ಲ. ಇಂಡಕ್ಷನ್ ಮೋಟಾರ್ ಆದ್ರೆ ವೇಗ ಹರ್ಟ್ಜ್ ಮೇಲೇ ನಿಂತಿರುತ್ತೆ, ನಮ್ಮ 50 ಹರ್ಟ್ಜ್‌ನಲ್ಲಿ ಆರನೇ ಒಂದು ಭಾಗ ನಿಧಾನ, ಅದ್ರ ಜೊತೆಗೆ ಬಿಸಿನೂ ಆಗುತ್ತೆ.

230 ವೋಲ್ಟ್ ಕಾಂಬೋ ದಿನಾ ಬಳಸ್ತಿರೋರು ಹೇಳಿ: ಅರ್ಧ ಇಂಚು ಮತ್ತೆ 2 ಇಂಚಿನ ಸ್ಲೀವ್ ಎಸ್‌ಜೆಪಿ ರಸ್ತೆಯಲ್ಲಿ ಬಿಡಿಯಾಗಿ ಸಿಗುತ್ತಾ? ಸಿಗಲ್ಲ ಅಂದ್ರೆ ಬರೀ ಸ್ಪಿಂಡಲ್ ಮೆಷಿನ್ ತಗೊಂಡು, ಬೆಲ್ಟ್‌ಗೆ ಕೈ ಸ್ಯಾಂಡರನ್ನೇ ಮಗುಚಿ ಬಿಗಿಯೋದು ಮೇಲಾ?